ಬಸುರಿಯ ರಾಜೀನಾಮೆಯನ್ನು ಹಾಗೇ ಒಪ್ಪಿಕೊಳ್ಳಬೇಡಿ

ಮಾನ್ಯ ಕಾರ್ಮಿಕ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಕಾರ್ಖಾನೆಗಳಲ್ಲಿ ದುಡಿಯುವ ಬಸುರಿಯರಿಂದ ರಾಜೀನಾಮೆ ಬರೆಸಿಕೊಂಡು ಹೆರಿಗೆ ರಜೆ ಮತ್ತು ರಜಾ ಸಂಬಳ ತಪ್ಪಿಸುತ್ತಿರುವ ಬಗ್ಗೆ

ಮಾನ್ಯರೇ,

ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಹಳ ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ಈಚೆಗೆ ನಿವೃತ್ತಳಾದವಳು ನಾನು. ಊರಿನ ಯಾವ ಹೆಣ್ಣುಮಗಳು ಬಸುರಿಯಾದರೂ ಮನೆಯವರನ್ನು ಬಿಟ್ಟರೆ ಮೊದಲು ಗೊತ್ತಾಗುತ್ತಿದ್ದುದು ಆಶಾ ಕಾರ್ಯಕರ್ತೆಗೆ ಮತ್ತು ನನಗೆ. ತಾಯಿ ಕಾರ್ಡು ಮಾಡಿಸುವುದು, ತೂಕ ಬರೆಯುವುದು, ಕಬ್ಬಿಣದ ಮಾತ್ರೆ ನುಂಗಿದಳೋ ಇಲ್ಲವೋ ಎಂದು ಮನೆ ಬಾಗಿಲಿಗೆ ಹೋಗಿ ಕೇಳುವುದು ನಮ್ಮ ಕೆಲಸ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾದ ಮೇಲೆ ಬಸುರಿಯರೂ ಬಾಣಂತಿಯರೂ ಮಧ್ಯಾಹ್ನ ಅಂಗನವಾಡಿಗೇ ಬಂದು ಊಟ ಮಾಡತೊಡಗಿದರು. ಅನ್ನ, ಸೊಪ್ಪಿನ ಸಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಆ ಊಟದ ಹಾಜರಿ ಪುಸ್ತಕ ನೋಡುತ್ತಾ ನೋಡುತ್ತಾ ನನಗೆ ಒಂದು ಸಂಗತಿ ಹೊಳೆಯಿತು. ಅದನ್ನು ನಿಮ್ಮ ಮುಂದಿಡಬೇಕೆಂದೇ ಈ ಪತ್ರ.

ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ಮೊದಲ ತಿಂಗಳುಗಳಲ್ಲಿ ಊಟಕ್ಕೆ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಬೆಳಿಗ್ಗೆ ಕಂಪನಿ ವ್ಯಾನು ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ. ಐದನೆಯ ತಿಂಗಳಲ್ಲೋ ಆರನೆಯ ತಿಂಗಳಲ್ಲೋ ಒಂದು ದಿನ ತಟ್ಟೆ ಹಿಡಿದು ಬಂದು ಕೂತಳೆಂದರೆ ಅವಳ ಕೆಲಸ ಹೋಗಿದೆ ಎಂದು ಕೇಳದೆಯೇ ತಿಳಿಯುತ್ತಿತ್ತು. ರಜೆಯ ಮೇಲೆ ಬಂದಿರಬಹುದಲ್ಲ ಎಂದು ತಾವು ಕೇಳಬಹುದು. ಕಾನೂನಿನಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದ ರಜೆ ಹೆಚ್ಚೆಂದರೆ 8 ವಾರ. ಅಂದರೆ ಏಳು ತಿಂಗಳು ತುಂಬಿದ ಮೇಲೆ. ಐದನೆಯ ತಿಂಗಳಲ್ಲಿ ಮನೆಯಲ್ಲಿ ಕೂತವಳು ಹೆರಿಗೆ ರಜೆಯ ಮೇಲಿಲ್ಲ.

‘ಬಿಡಿಸಿಬಿಟ್ರಾ?’ ಎಂದು ಕೇಳಿದರೆ, ‘ಇಲ್ಲ ಟೀಚರ್, ನಾನೇ ಬರ್ಕೊಟ್ಟು ಬಂದೆ’ ಎಂಬ ಉತ್ತರವೇ ಬರುತ್ತಿತ್ತು. ಇನ್ನೂ ಸ್ವಲ್ಪ ಮಾತಾಡಿಸಿದರೆ ಉಳಿದದ್ದು ಹೊರಗೆ ಬರುತ್ತಿತ್ತು. ಹೊಟ್ಟೆ ಕಾಣುವವರೆಗೆ ಮುಚ್ಚಿಟ್ಟಿದ್ದಳು. ಕಂಡ ಮೇಲೆ ಸೂಪರ್‌ವೈಸರ್ ಅವಳನ್ನು ಕೂತು ಹೊಲಿಯುವ ಮಿಷನ್ನಿನಿಂದ ಎಬ್ಬಿಸಿ ನಿಂತು ಮಾಡುವ ಚೆಕಿಂಗ್‌ಗೆ ಹಾಕಿದ. ಟಾರ್ಗೆಟ್ ಕಡಿಮೆಯಾಗಲಿಲ್ಲ. ಮೂತ್ರಕ್ಕೆ ಎದ್ದು ಹೋದರೆ ಲೆಕ್ಕ. ಆಸ್ಪತ್ರೆಗೆ ತೋರಿಸಲು ಒಂದು ದಿನ ತಪ್ಪಿಸಿದರೆ ಮರುದಿನ ಎಲ್ಲರೆದುರು ಬೈಗುಳ. ಕೊನೆಗೆ ಒಂದು ದಿನ ಆಫೀಸಿಗೆ ಕರೆಸಿ ಮೆತ್ತಗೆ ಹೇಳಿದರು: ‘ನಿಂಗೂ ಕಷ್ಟ, ನಮ್ಗೂ ಕಷ್ಟ. ಈಗ ಬರ್ಕೊಟ್ಟು ಹೋಗು. ಪಿ.ಎಫ್. ತಗೋ. ಮಗು ಆದ್ಮೇಲೆ ಬಾ, ಕೆಲ್ಸ ಎಲ್ಲಿಗೆ ಹೋಗುತ್ತೆ?’ ಕಾಗದ ಮೊದಲೇ ಟೈಪಾಗಿತ್ತು. ಅವಳು ರುಜು ಹಾಕಿದಳು. ‘ನನ್ನ ಸ್ವಂತ ಕಾರಣಗಳಿಂದ’ ಎಂದು ಆ ಕಾಗದದಲ್ಲಿತ್ತು.

ಇದು ಒಬ್ಬಳ ಕತೆಯಲ್ಲ, ಒಂದು ಕಂಪನಿಯದೂ ಅಲ್ಲ. ಅಂಚೇಪಾಳ್ಯದ ಕೈಗಾರಿಕಾ ಪ್ರದೇಶಕ್ಕೆ ಹೋಗುವವರಿಂದ, ದಾಬಸ್‌ಪೇಟೆ, ನೆಲಮಂಗಲ, ಪೀಣ್ಯದ ಕಡೆ ಹೋಗಿಬರುವವರಿಂದ, ಬೇರೆ ಬೇರೆ ವರ್ಷಗಳಲ್ಲಿ ಇದೇ ಮಾತು ಕೇಳಿದ್ದೇನೆ. ಮೀಟಿಂಗಿನಲ್ಲಿ ಸಿಕ್ಕ ಅಮೃತೂರು, ಹುಲಿಯೂರುದುರ್ಗ, ಯಡಿಯೂರು ಹೋಬಳಿಗಳ ಕಾರ್ಯಕರ್ತೆಯರೂ ಇದನ್ನೇ ಹೇಳಿದ್ದಾರೆ. ರಜೆಯನ್ನು ಸರಿಯಾಗಿ ಕೊಟ್ಟು, ಬಾಣಂತಿಯನ್ನು ವಾಪಸು ಅದೇ ಲೈನಿಗೆ ಸೇರಿಸಿಕೊಂಡ ಕಾರ್ಖಾನೆಗಳೂ ಇವೆ. ಅವುಗಳ ಬಗ್ಗೆ ನನ್ನ ದೂರಿಲ್ಲ. ಆ ಕಾರ್ಖಾನೆಗಳು ಮಾಡಬಹುದಾದದ್ದನ್ನು ಉಳಿದವು ಯಾಕೆ ಮಾಡಬಾರದು ಎನ್ನುವುದೇ ನನ್ನ ಪ್ರಶ್ನೆ.

ಕಾನೂನು ಏನನ್ನು ಕೊಟ್ಟಿದೆ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಆದರೆ ಇದು ಬಹಿರಂಗ ಪತ್ರ, ವ್ಯಾನಿನಲ್ಲಿ ಕೂತ ಹೆಣ್ಣುಮಗಳೂ ಓದಲಿ ಎಂಬ ಆಸೆ ನನ್ನದು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ 12 ವಾರಗಳಿದ್ದ ಸಂಬಳಸಹಿತ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಗರ್ಭ ನಿಲ್ಲದೆ ಹೋದರೆ 6 ವಾರ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು. 50 ಜನರಿದ್ದಲ್ಲಿ ಶಿಶುಪಾಲನಾ ಕೊಠಡಿ, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಲು ಅವಕಾಶ. ಇದನ್ನೆಲ್ಲ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಬರಹದಲ್ಲಿ ತಿಳಿಸಬೇಕು, ಕಾಯಿದೆಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಎದ್ದು ಕಾಣುವಂತೆ ಹಾಕಬೇಕು ಎಂದೂ ಅದೇ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಿಂದ ಇವು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿವೆ. 26 ವಾರ ಹಾಗೇ ಇದೆ, 80 ದಿನವೂ ಹಾಗೇ ಇದೆ. ದಿನಗೂಲಿಯವರಿಗೂ ಈ ಹಕ್ಕು ಉಂಟೆಂದು ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಹೆಣ್ಣುಮಕ್ಕಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿತು. ಗುತ್ತಿಗೆಯ ಅವಧಿ ನಡುವೆ ಮುಗಿದುಹೋದರೂ ಸೌಲಭ್ಯ ನಿಲ್ಲಿಸಬಾರದೆಂದು 2023ರಲ್ಲಿ ಹೇಳಿತು.

ಇಷ್ಟೆಲ್ಲ ಇದ್ದೂ ನಮ್ಮ ಹುಡುಗಿಯರ ಕೈಗೆ ಬರುತ್ತಿಲ್ಲ. ಕಾನೂನು ತಡೆದಿರುವುದು ವಜಾ ಮಾಡುವುದನ್ನು. ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆದರೆ ಅಪರಾಧ. ಅವಳೇ ‘ಸ್ವಂತ ಕಾರಣ’ ಎಂದು ರುಜು ಹಾಕಿ ಹೋದರೆ ಅಪರಾಧ ಎಲ್ಲಿದೆ? ನಿರೀಕ್ಷಕರು ಬಂದು ಕಡತ ತೆಗೆದರೆ ಎಲ್ಲವೂ ಸರಿಯಾಗಿರುತ್ತದೆ. ಹೆರಿಗೆ ರಜೆ ಕೇಳಿದವರ ಪಟ್ಟಿ ಚಿಕ್ಕದು, ನಿರಾಕರಿಸಿದವರ ಪಟ್ಟಿ ಖಾಲಿ. ರಾಜೀನಾಮೆಗಳ ಕಡತವನ್ನು ತೆಗೆದು, ಇವರಲ್ಲಿ ಎಷ್ಟು ಜನ ಮುಂದಿನ ಆರು ತಿಂಗಳಲ್ಲಿ ಹೆತ್ತರು ಎಂದು ಯಾರೂ ಕೇಳುವುದಿಲ್ಲ. ಆ ಉತ್ತರ ಅಂಗನವಾಡಿಗಳ ಪುಸ್ತಕದಲ್ಲಿದೆ. ಆದರೆ ನಿಮ್ಮ ಇಲಾಖೆಯ ಪುಸ್ತಕವೂ ನಮ್ಮ ಪುಸ್ತಕವೂ ಒಂದೇ ಮೇಜಿನ ಮೇಲೆ ಇದುವರೆಗೆ ಬಂದಿಲ್ಲ.

ಮಾಲೀಕರಿಗೆ ಆರು ತಿಂಗಳ ಸಂಬಳದ ಹೊರೆ ಬೀಳುತ್ತದೆ, ಅದಕ್ಕೇ ಹೀಗೆ ಮಾಡುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಪಡೆಯುವ, ಇ.ಎಸ್.ಐ. ಕಡಿತವಾಗುವ ಕೆಲಸಗಾರ್ತಿಯ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಅವಳ ಹೆರಿಗೆ ರಜೆಯ ಹಣವನ್ನು ಕೊಡುವುದು ಕಂಪನಿಯಲ್ಲ, ಇ.ಎಸ್.ಐ. ನಿಗಮ. ಅದಕ್ಕೂ ಸೇರಿ ಪ್ರತಿ ತಿಂಗಳು ಅವಳ ಸಂಬಳದಿಂದ ನೂರಕ್ಕೆ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ ಹೋಗುತ್ತಿದೆ. ಅದಕ್ಕೆ ಬೇಕಾದ ಅರ್ಹತೆಯೂ ದೊಡ್ಡದಲ್ಲ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ. ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ 21,000 ದಾಟಿದವರನ್ನು ನಾನು ನೋಡಿಲ್ಲ.

ಡಾ. ಅಂಬೇಡ್ಕರ್ ಅವರು 1928ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಮಾತಾಡುತ್ತಾ, ತಾಯಿಗೆ ಆ ದಿನಗಳಲ್ಲಿ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಭಾರದಲ್ಲಿ ಹೆಚ್ಚಿನ ಪಾಲನ್ನು ಸರ್ಕಾರ ಹೊರಬೇಕು, ಹಾಗೆಂದು ಮಾಲೀಕನೂ ಪೂರ್ತಿ ತಪ್ಪಿಸಿಕೊಳ್ಳುವಂತಿಲ್ಲ ಎಂಬ ಅರ್ಥದಲ್ಲಿ ವಾದಿಸಿದ್ದರು. ಮರುವರ್ಷವೇ ಅಲ್ಲಿ ಕಾಯಿದೆಯಾಯಿತು. ಭಾರವನ್ನು ಒಬ್ಬ ಮಾಲೀಕನ ತಲೆಯ ಮೇಲೆ ಹಾಕದೆ ಎಲ್ಲರ ನಿಧಿಯಿಂದ ಕೊಡುವ ಏರ್ಪಾಟು 1948ರ ಇ.ಎಸ್.ಐ. ಕಾಯಿದೆಯಿಂದ ಬಂತು. ಆ ಏರ್ಪಾಟು ಇರುವಾಗಲೂ ಹುಡುಗಿಯನ್ನು ಮನೆಗೆ ಕಳಿಸುತ್ತಾರೆಂದರೆ ಕಾರಣ ಬೇರೆ. ಲೈನಿನಲ್ಲಿ ಒಂದು ಮಿಷನ್ ನಿಂತರೆ ಹಿಂದೆ ಮುಂದೆ ಎಲ್ಲವೂ ತಡೆಯುತ್ತದೆ. ಆ ಜಾಗಕ್ಕೆ ಬೇರೆಯವಳನ್ನು ಕೂರಿಸಿದರೆ, ಆರು ತಿಂಗಳ ನಂತರ ಹಳಬಳು ಬಂದಾಗ ಅವಳಿಗೆ ಜಾಗ ತೋರಿಸಬೇಕು. ಅವಳ ಹಿಂದೆ ಮಗು ಬರುತ್ತದೆ, ಮಗುವಿಗೆ ಕೊಠಡಿ, ಆಯಾ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಸೇವೆ ಮುರಿಯದೆ ಮುಂದುವರಿದರೆ ಮುಂದೆ ಗ್ರ್ಯಾಚುಟಿ ಕೊಡಬೇಕಾಗುತ್ತದೆ.

ಈ ಗ್ರ್ಯಾಚುಟಿಯ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ನಮ್ಮೂರಿನ ಹೆಂಗಸರಿಗೆ ತೋರಿಸಿದ್ದೇನೆ, ತಮಗೂ ತೋರಿಸುತ್ತೇನೆ. ಒಬ್ಬಳ ಸಂಬಳ ತಿಂಗಳಿಗೆ 12,000 ಎಂದಿಟ್ಟುಕೊಳ್ಳಿ. ಒಂದೇ ಕಡೆ ಹತ್ತು ವರ್ಷ ದುಡಿದರೆ, ವರ್ಷಕ್ಕೆ 15 ದಿನದ ಸಂಬಳದಂತೆ ಸುಮಾರು 69,000 ರೂಪಾಯಿ ಗ್ರ್ಯಾಚುಟಿ ಬರಬೇಕು. ಕಾಯಂ ಕೆಲಸಗಾರ್ತಿಗೆ ಅದು ಸಿಗಲು ಐದು ವರ್ಷದ ಮುರಿಯದ ಸೇವೆ ಬೇಕು. ಅದೇ ಹೆಂಗಸು ಮೂರು ವರ್ಷ ದುಡಿದು ಮೊದಲ ಬಸುರಿಗೆ ರಾಜೀನಾಮೆ ಕೊಟ್ಟಳು, ಮತ್ತೆ ಸೇರಿ ಮೂರು ವರ್ಷ ದುಡಿದು ಎರಡನೆಯದಕ್ಕೆ ಕೊಟ್ಟಳು, ಮತ್ತೆ ಸೇರಿ ನಾಲ್ಕು ವರ್ಷ ದುಡಿದು ಸೊಂಟ ನೋವಿಗೆ ಬಿಟ್ಟಳು. ದುಡಿದದ್ದು ಅದೇ ಹತ್ತು ವರ್ಷ. ಗ್ರ್ಯಾಚುಟಿ ಒಂದು ರೂಪಾಯಿಯೂ ಇಲ್ಲ. ಹೆರಿಗೆ ರಜೆಯ ಆರು ತಿಂಗಳ ಸಂಬಳ, ಒಂದು ಹೆರಿಗೆಗೆ ಸುಮಾರು 72,000, ಎರಡು ಸಲವೂ ಹೋಯಿತು. ಪ್ರತಿ ಸಲ ಹೊಸಬಳಾಗಿ ಸೇರಿದ್ದರಿಂದ ಹಳೆಯ ಇನ್‌ಕ್ರಿಮೆಂಟೂ ಇಲ್ಲ. ಇಷ್ಟು ಕಳೆದುಕೊಂಡು ನನ್ನ ಮುಂದೆ ಬಂದು ಕೂತವಳಿಗೆ ನಾನು ಕೊಡಬಹುದಾಗಿದ್ದದ್ದು ಒಂದು ಹೊತ್ತಿನ ಊಟ ಮತ್ತು ಮಾತೃವಂದನಾ ಯೋಜನೆಯ ಅರ್ಜಿ. ಆ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಸರ್ಕಾರ ಬಡ ತಾಯಿಗೆ ಕೊಡುವ ಆ ಹಣ ದೊಡ್ಡದೇ. ಆದರೆ 72,000ಕ್ಕೆ ಹಕ್ಕುದಾರಳಾದವಳನ್ನು 5,000ದ ಅರ್ಜಿ ಬರೆಯುವ ಸಾಲಿನಲ್ಲಿ ನಿಲ್ಲಿಸಿದ್ದು ಯಾರು?

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಬಂದು ಕೂತದ್ದು ತಮಗೆ ನೆನಪಿರಬೇಕು. ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಅವರು ಎದ್ದಿದ್ದರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಮುಪ್ಪಿಗೆ ಕೂಡಿಡುವ ಹಣದ ಮೇಲೆ ಇಷ್ಟು ಆತುರವೇಕೆ ಎಂದು ಆಗ ಓದಿದವರು ಕೆಲವರು ನನ್ನನ್ನು ಕೇಳಿದ್ದರು. ಕೆಲಸ ಬಿಟ್ಟು ಬಂದ ಬಸುರಿಗೆ ಆ ಹಣವೇ ಹೆರಿಗೆ ಖರ್ಚು, ಅದೇ ಬಾಣಂತನದ ತುಪ್ಪ, ಅದೇ ಮಗುವಿನ ಔಷಧಿ. ಹೆರಿಗೆ ರಜೆ ಸಿಕ್ಕಿದ್ದರೆ ಅವರಲ್ಲಿ ಎಷ್ಟೋ ಜನರ ಪಿ.ಎಫ್. ಮುಪ್ಪಿನವರೆಗೂ ಉಳಿಯುತ್ತಿತ್ತು.

ಇನ್ನೊಂದು ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದನ್ನು ಯಾವ ಸಭೆಯಲ್ಲೂ ಯಾರೂ ಆಡಿದ್ದು ಕೇಳಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಪಥ್ಯದ ಅಡುಗೆ, ರಾತ್ರಿ ಮಗು ಎತ್ತಿಕೊಂಡು ಓಡಾಡುವುದು, ಎಲ್ಲವನ್ನೂ ಮಾಡುವುದು ಬಾಣಂತಿಯ ತಾಯಿ. ಮೊದಲೆಲ್ಲ ಆ ತಾಯಿ ಮನೆಯಲ್ಲಿರುತ್ತಿದ್ದಳು, ಇಲ್ಲವೇ ಹೊಲದಲ್ಲಿ. ಈಗ ಆ ತಾಯಿಯೂ ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಹದಿನೆಂಟಕ್ಕೆ ಇಪ್ಪತ್ತಕ್ಕೆ ಮದುವೆಯಾದವರು ನಲವತ್ತು ದಾಟುತ್ತಿದ್ದಂತೆ ಅಜ್ಜಿಯಾಗುತ್ತಾರೆ, ಇನ್ನೂ ಮಿಷನ್ ತುಳಿಯುವ ವಯಸ್ಸು. ಮಗಳ ಬಾಣಂತನಕ್ಕೆಂದು ಅವಳಿಗೆ ಯಾವ ಕಾನೂನಿನಲ್ಲೂ ರಜೆ ಇಲ್ಲ. ಇರುವುದು ವರ್ಷದ ಗಳಿಕೆ ರಜೆ ಒಂದೇ, 20 ದಿನ ದುಡಿದರೆ ಒಂದು ದಿನ. ಒಂದು ದಿನವೂ ತಪ್ಪಿಸದೆ 300 ದಿನ ದುಡಿದವಳಿಗೆ 15 ದಿನ. ಹಿಂದಿನ ವರ್ಷದ ರಜೆ ಉಳಿದಿದ್ದರೆ 30 ದಿನದವರೆಗೆ ಸೇರಿಸಿಕೊಳ್ಳಬಹುದು ಎಂದು 1948ರ ಕಾರ್ಖಾನೆ ಕಾಯಿದೆಯಲ್ಲಿತ್ತು. ಅವಳಿಗೆ ಉಳಿದಿರುತ್ತದೆಯೇ? ಜ್ವರ, ಹಬ್ಬ, ನಾದಿನಿಯ ಮದುವೆ, ಮಾವನ ತಿಥಿ. ಹಾಗಾಗಿ ಅವಳೂ ಬರೆದುಕೊಟ್ಟು ಬರುತ್ತಾಳೆ. ಮಗಳು ಒಂದು ಕಂಪನಿಯಲ್ಲಿ, ತಾಯಿ ಇನ್ನೊಂದರಲ್ಲಿ, ಒಂದು ಮಗು ಹುಟ್ಟಿದ್ದಕ್ಕೆ ಒಂದು ಮನೆಯಿಂದ ಎರಡು ರಾಜೀನಾಮೆ. ಅದೇ ಹೊತ್ತಿಗೆ ಮನೆಯ ಖರ್ಚು ಎರಡರಷ್ಟಾಗಿರುತ್ತದೆ.

ಗಳಿಕೆ ರಜೆಯನ್ನು ಹೆಣ್ಣುಮಕ್ಕಳು ಕೇಳಲು ಹೆದರುವುದನ್ನೂ ಹೇಳಬೇಕು. ರಜೆ ಕೇಳಿದರೆ ಅಟೆಂಡೆನ್ಸ್ ಬೋನಸ್ ಹೋಗುತ್ತದೆ ಎಂದು ಹೆದರಿಸುತ್ತಾರಂತೆ. ಕೆಲಸ ಬಿಡುವಾಗ ಬಳಸದೆ ಉಳಿದ ರಜೆಗೆ ಸಂಬಳ ಬರಬೇಕು ಎನ್ನುವುದು ಅವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಸೆಟ್ಲ್‌ಮೆಂಟ್ ಚೀಟಿಯಲ್ಲಿ ಬರೆದದ್ದಕ್ಕೆ ರುಜು ಹಾಕಿ, ಕೊಟ್ಟದ್ದನ್ನು ಎಣಿಸಿಕೊಂಡು ಬರುತ್ತಾರೆ. ಮೊದಲು ವರ್ಷಕ್ಕೆ 240 ದಿನ ದುಡಿದಿದ್ದರೆ ಮಾತ್ರ ಈ ರಜೆ ಸಿಗುತ್ತಿತ್ತು. ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದು 180 ದಿನಕ್ಕೆ ಇಳಿದಿದೆ, ಒಳ್ಳೆಯದಾಯಿತು. ಆದರೆ ಬಸುರಿಯಾದಾಗ ಬಿಟ್ಟು ಮಗುವಾದ ಮೇಲೆ ಹೊಸ ನಂಬರಿನಲ್ಲಿ ಸೇರಿದವಳಿಗೆ ಆ 180 ದಿನದ ಎಣಿಕೆಯೂ ಮೊದಲಿನಿಂದ ಶುರು.

ಹಬ್ಬದ ರಜೆಯ ಕತೆ ಚಿಕ್ಕದು. 1963ರ ರಾಜ್ಯದ ಕಾಯಿದೆಯಂತೆ ಗಣರಾಜ್ಯೋತ್ಸವ, ಮೇ 1, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವ, ಜೊತೆಗೆ ಐದು ಹಬ್ಬಗಳಿಗೆ ಸಂಬಳಸಹಿತ ರಜೆ. ಅದರ ಮೇಲೆ ವರ್ಷತೊಡಕಿಗೋ ಊರ ಜಾತ್ರೆಗೋ ಒಂದು ದಿನ ಬಿಟ್ಟರೆ ಮುಂದಿನ ಭಾನುವಾರ ಕರೆಸಿ ದುಡಿಸಿಕೊಳ್ಳುತ್ತಾರೆ ಎಂದು ಹೇಳುತ್ತಾರೆ. ಇದನ್ನು ವಾರದ ರಜೆಯ ಹಾಜರಿ ನೋಡಿ ನಿಮ್ಮ ನಿರೀಕ್ಷಕರು ಒಂದೇ ದಿನದಲ್ಲಿ ಹಿಡಿಯಬಹುದು.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ಹೆಣ್ಣುಮಕ್ಕಳಿಗೆ ನಿಜವಾಗಿ ಸಂತೋಷವಾಯಿತು. ಆ ನಿರ್ಧಾರಕ್ಕೆ ನಾನು ತಮಗೆ ಕೃತಜ್ಞಳು. ಅದೇ ಕಾಳಜಿಯಿಂದ ಕೇಳುತ್ತಿದ್ದೇನೆ, ಹೊಸ ರಜೆ ಕೊಟ್ಟ ಸರ್ಕಾರ ಹಳೆಯ ರಜೆ ಕಳುವಾಗುತ್ತಿರುವುದನ್ನೂ ನೋಡಲಿ. ಬಸುರಿನ ವಿಷಯವನ್ನೇ ಐದು ತಿಂಗಳು ಮುಚ್ಚಿಡುವ ಹುಡುಗಿ ಮುಟ್ಟಿನ ರಜೆಯನ್ನು ಗಂಡು ಸೂಪರ್‌ವೈಸರ್ ಎದುರು ಬಾಯಿಬಿಟ್ಟು ಕೇಳುವುದು ಸುಲಭವಲ್ಲ.

ತಂದೆಯ ಮಾತು ಇಲ್ಲಿ ಬರಲೇ ಇಲ್ಲ, ಯಾಕೆಂದರೆ ಕಾನೂನಿನಲ್ಲೂ ಅವನಿಲ್ಲ. ರಾಜ್ಯ ಸರ್ಕಾರದ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಪಕ್ಕದ ಮನೆಯ ಲಾರಿ ಕ್ಲೀನರ್‌ಗೆ, ಪೆಟ್ರೋಲ್ ಬಂಕಿನ ಹುಡುಗನಿಗೆ, ನಾರಿನ ಫ್ಯಾಕ್ಟರಿಯ ಕೆಲಸಗಾರನಿಗೆ ಒಂದು ದಿನವೂ ಇಲ್ಲ. ಹೆಂಡತಿಯನ್ನು ಹೆರಿಗೆಗೆ ಸೇರಿಸಿ ಕೂಲಿ ಕಳೆದುಕೊಂಡು ನಿಂತವರನ್ನು ಕುಣಿಗಲ್ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಯಾವ ದಿನ ಹೋದರೂ ನೋಡಬಹುದು.

ಈಗ ನನ್ನ ಬೇಡಿಕೆ. ಒಂದೇ ಬೇಡಿಕೆ, ಅದರ ಸುತ್ತ ಒಂದೆರಡು ಏರ್ಪಾಟು.

ಬಸುರಿಯ ರಾಜೀನಾಮೆ, ಮತ್ತು ಮಗುವಿಗೆ ಒಂದು ವರ್ಷ ತುಂಬುವವರೆಗೆ ಬಾಣಂತಿಯ ರಾಜೀನಾಮೆ, ಕಂಪನಿಯ ಕಚೇರಿಯಲ್ಲಿ ರುಜು ಹಾಕಿದ ಮಾತ್ರಕ್ಕೆ ಊರ್ಜಿತವಾಗಬಾರದು. ಅವಳು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ, ಸಾಧ್ಯವಾದರೆ ಹೆಣ್ಣು ಅಧಿಕಾರಿಯ ಮುಂದೆ, ಕಂಪನಿಯವರು ಯಾರೂ ಇಲ್ಲದ ಕೋಣೆಯಲ್ಲಿ ಕೂತು, ತನಗೆ 26 ವಾರದ ರಜೆಯ ಹಕ್ಕಿದೆ, ಅದರ ಹಣ ಇ.ಎಸ್.ಐ.ನಿಂದ ಬರುತ್ತದೆ, ಸೇವೆ ಮುರಿಯುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಕೇಳಿಸಿಕೊಂಡ ಮೇಲೆ, ‘ಆದರೂ ಬಿಡುತ್ತೇನೆ’ ಎಂದರೆ ಮಾತ್ರ ಅದು ರಾಜೀನಾಮೆ. ಅಲ್ಲಿಯವರೆಗೆ ಅವಳ ಹೆಸರು ಹಾಜರಿಯಲ್ಲಿ ಉಳಿಯಲಿ. ನಿಜವಾಗಿಯೂ ಸ್ವಂತ ಇಚ್ಛೆಯಿಂದ ಬಿಡುವವರು ಇದ್ದೇ ಇರುತ್ತಾರೆ. ಗಂಡನ ಊರು ಬದಲಾಗಬಹುದು, ಮೈಗೆ ಆಗದಿರಬಹುದು. ಅಂಥವಳಿಗೆ ಇದರಿಂದ ಅರ್ಧ ದಿನದ ಓಡಾಟವಾದೀತು. ತಾಲ್ಲೂಕಿನಲ್ಲೇ ಈ ಏರ್ಪಾಟು ಮಾಡಿದರೆ ಅಷ್ಟೂ ಆಗದು.

ಇದು ನನ್ನ ಕಲ್ಪನೆಯಲ್ಲ. ಇಟಲಿಯಲ್ಲಿ ಕೆಲಸಕ್ಕೆ ಸೇರುವ ದಿನವೇ ಹೆಂಗಸರಿಂದ ತಾರೀಖಿಲ್ಲದ ರಾಜೀನಾಮೆಗೆ ರುಜು ಹಾಕಿಸಿಕೊಂಡು, ಬಸುರಿಯಾದಾಗ ತಾರೀಖು ತುಂಬುವ ಪದ್ಧತಿ ಇತ್ತು. ಅದನ್ನು ತಡೆಯಲು ಅಲ್ಲಿ 2001ರ ಕಾನೂನಿನಲ್ಲಿ, ಬಸುರಿಯ ಹಾಗೂ ಎಳೆಮಗುವಿನ ತಾಯಿ ತಂದೆಯರ ರಾಜೀನಾಮೆಯನ್ನು ಕಾರ್ಮಿಕ ನಿರೀಕ್ಷಕರ ಕಚೇರಿ ದೃಢಪಡಿಸಬೇಕು, ಇಲ್ಲದಿದ್ದರೆ ಅದು ಜಾರಿಗೆ ಬರುವುದಿಲ್ಲ ಎಂದು ಮಾಡಿದರು. 2012ರಲ್ಲಿ ಆ ರಕ್ಷಣೆಯನ್ನು ಮಗುವಿಗೆ ಮೂರು ವರ್ಷ ಆಗುವವರೆಗೆ ವಿಸ್ತರಿಸಿದರು. ನಮ್ಮಲ್ಲೂ ಸಾಮಾಜಿಕ ಭದ್ರತಾ ಸಂಹಿತೆಯಡಿ ನಿಯಮ ಮಾಡುವ ಅಧಿಕಾರ ರಾಜ್ಯಕ್ಕಿದೆ. ಕಾನೂನು ಪಂಡಿತರನ್ನು ಕೇಳಿ, ನಿಯಮದಲ್ಲಿ ಸೇರಿಸಲು ಆಗದಿದ್ದರೆ ರಾಜ್ಯದ್ದೇ ತಿದ್ದುಪಡಿ ತನ್ನಿ.

ಅದಾಗುವವರೆಗೆ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ತಾಯಿ ಕಾರ್ಡಿನಲ್ಲಿ ಎರಡು ಸಾಲು ಸೇರಿಸಿ: ದುಡಿಯುವ ಸ್ಥಳ, ಇ.ಎಸ್.ಐ. ನಂಬರು. ಮೂರನೆಯ ತಿಂಗಳಲ್ಲಿ ಕಾರ್ಡು ಮಾಡಿಸುವಾಗಲೇ ಇದು ದಾಖಲಾದರೆ, ಇಂಥ ಕಾರ್ಖಾನೆಯಲ್ಲಿ ಇಂಥ ತಿಂಗಳಲ್ಲಿ ಇಷ್ಟು ಜನ ಹೆರಿಗೆ ರಜೆಗೆ ಬರಬೇಕು ಎಂಬುದು ಸರ್ಕಾರಕ್ಕೆ ಮುಂಚಿತವಾಗಿ ಗೊತ್ತಿರುತ್ತದೆ. ಹೆಸರನ್ನು ಕಂಪನಿಗೆ ಕೊಡಬೇಕಾಗಿಲ್ಲ. ಸಂಖ್ಯೆ ಸಾಕು. ಹತ್ತು ಜನ ಬರಬೇಕಾದಲ್ಲಿ ಇಬ್ಬರೇ ಬಂದಿದ್ದರೆ ನಿಮ್ಮ ನಿರೀಕ್ಷಕರು ಆ ಗೇಟಿನ ಮುಂದೆ ನಿಲ್ಲಲಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಕೆಲಸ ಈಗಲೇ ಹೆಚ್ಚಾಗಿದೆ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ಈ ಎರಡು ಸಾಲನ್ನು ನಾವು ಬೇಸರವಿಲ್ಲದೆ ಬರೆಯುತ್ತೇವೆ.

ಯಾವ ಬಾಗಿಲು ತಟ್ಟಬೇಕೆಂಬುದೂ ನಮ್ಮವರಿಗೆ ತಿಳಿಯುವುದಿಲ್ಲ. ಒಬ್ಬ ಹುಡುಗಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ. ಒಂದು ಕಚೇರಿಯಲ್ಲಿ ಇದು ಕಾರ್ಖಾನೆಗಳ ಇಲಾಖೆಯದು ಎಂದರು. ಅಲ್ಲಿ ಕೇಳಿದರೆ ಇ.ಎಸ್.ಐ.ನವರನ್ನು ಕೇಳಿ ಎಂದರು. ಇ.ಎಸ್.ಐ.ನವರು ಕೆಲಸದಲ್ಲಿ ಇದ್ದಾಳೋ ಇಲ್ಲವೋ ಎಂಬುದಕ್ಕೆ ಕಂಪನಿಯ ಕಾಗದ ತನ್ನಿ ಎಂದರು. ಏಳು ತಿಂಗಳ ಬಸುರಿ ಮೂರು ಬಸ್ಸು ಹತ್ತಿ ಇಳಿದು ಕೊನೆಗೆ, ‘ಬೇಡ ಬಿಡಿ ಟೀಚರ್’ ಎಂದಳು. ಕಾರ್ಮಿಕ ಇಲಾಖೆಯೂ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯೂ ಎರಡೂ ರಾಜ್ಯ ಸರ್ಕಾರದವೇ. ಇ.ಎಸ್.ಐ. ನಿಗಮ ಕೇಂದ್ರದ್ದಾದರೂ ರಾಜ್ಯದೊಡನೆ ಕೂಡಿ ನಡೆಯುತ್ತದೆ. ತಿಂಗಳಿಗೆ ಒಂದು ದಿನ, ಮೂವರೂ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಒಂದೇ ಮೇಜಿಗೆ ಕೂರಲಿ. ಅದು ಭಾನುವಾರವಾಗಿರಲಿ. ವಾರದ ದಿನ ಇಟ್ಟರೆ ದುಡಿಯುವವಳು ದೂರು ಕೊಡಲಿಕ್ಕೂ ರಜೆ ಹಾಕಬೇಕಾಗುತ್ತದೆ.

ಶಿಶುಪಾಲನೆಯ ಬಗ್ಗೆ ಒಂದೇ ಮಾತು. ಉದ್ಯೋಗ ಖಾತರಿ ಕೂಲಿಯವರ ಎಳೆಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಇದೇ ಸರ್ಕಾರ ತೆರೆದಿದೆ. ಕಂಪನಿ ವ್ಯಾನು ನಿಲ್ಲುವ ಊರುಗಳಲ್ಲಾದರೂ ಅವುಗಳ ಬಾಗಿಲು ವ್ಯಾನಿನ ಹೊತ್ತಿಗೆ ತೆರೆದು ವ್ಯಾನಿನ ಹೊತ್ತಿಗೆ ಮುಚ್ಚುವಂತಾಗಲಿ, ಖರ್ಚಿನಲ್ಲಿ ಕಾರ್ಖಾನೆಗಳ ಪಾಲನ್ನು ವಸೂಲು ಮಾಡಿ. ಕಾರ್ಖಾನೆಯೊಳಗಿನ ಕೊಠಡಿಗೆ ನಾಲ್ಕು ತಿಂಗಳ ಕೂಸನ್ನು ತುಂಬಿದ ವ್ಯಾನಿನಲ್ಲಿ ಹೆದ್ದಾರಿಯ ಮೇಲೆ ಕರೆದೊಯ್ಯಲು ಯಾವ ತಾಯಿಯೂ ಒಪ್ಪುವುದಿಲ್ಲ. ಕೊಠಡಿ ಖಾಲಿ ಇದೆ ಎಂದು ಕಾರ್ಖಾನೆಯವರು ತೋರಿಸುವುದು ಅದಕ್ಕೇ.

ನಾನು ಹೇಳಿದ್ದನ್ನು ಪರೀಕ್ಷಿಸಲು ಹೊಸ ಸಮಿತಿ ಬೇಡ. ನಮ್ಮ ತಾಲ್ಲೂಕಿನ ಕಾರ್ಖಾನೆಗಳಿಂದ ಕಳೆದ ಎರಡು ವರ್ಷದಲ್ಲಿ ರಾಜೀನಾಮೆ ಕೊಟ್ಟ ಹೆಂಗಸರ ಪಟ್ಟಿಯನ್ನು ತರಿಸಿಕೊಳ್ಳಿ. ಅದನ್ನು ಅದೇ ಎರಡು ವರ್ಷದ ಹೆರಿಗೆ ದಾಖಲೆಗಳ ಪಕ್ಕದಲ್ಲಿಟ್ಟು ನೋಡಲು ಒಬ್ಬ ಅಧಿಕಾರಿಗೆ ಹೇಳಿ. ತಾವು ಒಪ್ಪಿದರೆ ಕುಣಿಗಲ್‌ನಿಂದಲೇ ಇದು ಶುರುವಾಗಲಿ. ಬೇಕಾದ ಊರುಗಳಿಗೆ ಆ ಅಧಿಕಾರಿಯ ಜೊತೆ ಬಂದು ಮನೆ ತೋರಿಸಲು, ಹೆಂಗಸರು ಧೈರ್ಯವಾಗಿ ಮಾತಾಡುವಂತೆ ಪಕ್ಕದಲ್ಲಿ ಕೂರಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಕುಣಿಗಲ್ ತಾಲ್ಲೂಕು, ತುಮಕೂರು ಜಿಲ್ಲೆ

ಪ್ರತಿಗಳು: ಜಿಲ್ಲಾಧಿಕಾರಿಗಳು, ತುಮಕೂರು, ಕುಣಿಗಲ್ ಕ್ಷೇತ್ರದ ಶಾಸಕರು, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಇ.ಎಸ್.ಐ. ನಿಗಮದ ಪ್ರಾದೇಶಿಕ ಕಚೇರಿ, ಬೆಂಗಳೂರು